ತಮ್ಮವರಿಗೆ ಮಾತ್ರ ಅಲ್ಲ

'ಯಹೂದಿಗಳ ಸಂಸ್ಥೆ ಅಂದ ಮೇಲೆ ಅವರವರಿಗೇ ಸಹಾಯ ಮಾಡಿಕೊಳ್ಳುತ್ತಾರೆ, ನಾವು ಹೋಗಿ ಏನು ಮಾಡೋದು' ಅಂತ, ಸ್ವಯಂಸೇವೆಗೆ ಹೋಗುವ ಮಾತು ಬಂದಾಗ ಒಬ್ಬರು ಕೇಳಿದ್ದಾರೆ. ಹಾಗೇನಿಲ್ಲ ಸಾರ್. ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಇಲ್ಲಿನ ಜ್ಯೂಯಿಷ್ ಫ್ಯಾಮಿಲಿ ಸರ್ವಿಸ್ ಅನ್ನೋ ಯಹೂದಿ ಸೇವಾ ಸಂಸ್ಥೆ 1892ರಲ್ಲಿ ಹೆಂಗಸರು ಸೇರಿ ಕಟ್ಟಿದ ಸಂಘದಿಂದ ಶುರುವಾಗಿದ್ದು. ಆಗ ವಲಸೆ ಬಂದ ತಮ್ಮವರಿಗಾಗಿಯೇ ಇತ್ತು, ನಿಜ. ಈಗ ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಅವರ ಫುಡ್ ಬ್ಯಾಂಕಿಗೆ ಯಾವ ಧರ್ಮದವರಾದರೂ ಬರಬಹುದು, ಅಫ್ಘಾನಿಸ್ತಾನ, ಉಕ್ರೇನ್ ಕಡೆಯಿಂದ ಬಂದ ನಿರಾಶ್ರಿತರಿಗೂ ಇಲ್ಲಿ ನೆಲೆ ಕಂಡುಕೊಳ್ಳೋಕೆ ನೆರವಾಗಿದ್ದಾರೆ, ಹಿಟ್ಲರನ ಕಾಲದ ಹತ್ಯಾಕಾಂಡದಲ್ಲಿ ಬದುಕುಳಿದ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಬೇರೆ.

ನಾನು ಮಾಡೋದು ದೊಡ್ಡದೇನಲ್ಲ, ದಿನಸಿ ಚೀಲ ತುಂಬಿ ಮನೆ ಬಿಟ್ಟು ಬರಲಾಗದ ಹಿರಿಯರಿಗೆ ಕಾರಲ್ಲಿ ತಲುಪಿಸುವುದು ಅಷ್ಟೆ. ಕೆಲವರಿಗೆ ಚೀಲಕ್ಕಿಂತ ಬಾಗಿಲಲ್ಲಿ ನಿಂತು ಆಡುವ ಐದು ನಿಮಿಷದ ಮಾತೇ ಜಾಸ್ತಿ ಬೇಕಿರುತ್ತದೆ. ಊರಿಂದ ಬಂದಿದ್ದ ನಮ್ಮಮ್ಮನೂ ಒಂದು ದಿನ ಜೊತೆಗೆ ಬಂದು, ಭಾಷೆ ಬರದಿದ್ದರೂ ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು ಕೂತುಬಿಟ್ಟಿದ್ದರು!

ಇನ್ನೊಂದು ಮಾತು. ದಾನಕ್ಕೆ ಅವರು ಹೇಳುವ 'ತ್ಸೆದಾಕಾ' ಪದದ ಮೂಲದಲ್ಲಿರುವುದು ನ್ಯಾಯ ಅನ್ನೋ ಅರ್ಥ, ಕರುಣೆ ಅಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ, ಕೊಟ್ಟವರು ಯಾರು ಪಡೆದವರು ಯಾರು ಅಂತ ಗೊತ್ತಾಗದ ಹಾಗೆ ಕೊಡೋದು ಮೇಲಿನಿಂದ ಎರಡನೆಯದು, ಎಲ್ಲಕ್ಕಿಂತ ಮೇಲಿನದು ಒಬ್ಬನನ್ನು ಅವನ ಕಾಲ ಮೇಲೆ ನಿಲ್ಲಿಸೋದು. ನಮ್ಮಲ್ಲಿ ಫ್ಯಾನ್ ರೆಕ್ಕೆ ಮೇಲೂ ದಾನಿಗಳ ಹೆಸರು ಬರೆಸುತ್ತೇವೆ, ಅಲ್ವಾ?

ಹೋಗುವುದಾದರೆ ಶನಿವಾರ ಬೇಡ. ಅದು ಅವರ ಸಬ್ಬತ್ ದಿನ, ರಜೆ.