ಗುಂಡನೆಯ ‘ಓ’

ಪುಸ್ತಕದ ಕಪಾಟು ಬಂತು, ಬಿಡಿಬಿಡಿಯಾಗಿ. ನಾವೇ ಜೋಡಿಸಿಕೊಳ್ಳಬೇಕಂತೆ. ಜೊತೆಗಿದ್ದ ಸೂಚನೆಯ ಹಾಳೆ ಬಿಡಿಸಿದರೆ, ತುಂಬಾ ಗುಂಡುಗುಂಡನೆಯ ದಪ್ಪ ಇಂಗ್ಲಿಷ್ ಅಕ್ಷರಗಳು. ಪೋಸ್ಟರಿನಲ್ಲಿ ಮೊಳದುದ್ದ ನಿಂತಿದ್ದರೆ ಚಂದವೇ. ಇಲ್ಲಿ ಇರುವೆ ಗಾತ್ರಕ್ಕೆ ಇಳಿಸಿದ್ದರು. ‘ಇ’ಯ ಹೊಟ್ಟೆಯೊಳಗಿನ ಜಾಗ ಮಸಿಯಲ್ಲಿ ಮುಚ್ಚಿಹೋಗಿತ್ತು. ‘ಎ’, ‘ಇ’, ‘ಓ’ ಮೂರೂ ಕರಿಮೆಣಸು ಚೆಲ್ಲಿದ ಹಾಗೆ. ಕೂಗಲೆಂದೇ ಹುಟ್ಟಿದ ಅಕ್ಷರಕ್ಕೆ ಪಿಸುಗುಟ್ಟು ಅಂದರೆ ಹೀಗೇ ಆಗೋದು. ಇದನ್ನು ಆರಿಸಿದವರು ಒಂದು ಸಲವಾದರೂ ಅಚ್ಚು ಹಾಕಿಸಿ ನೋಡಿದ್ದರಾ? ನನಗೆ ನಂಬಿಕೆಯಿಲ್ಲ.

ಈ ಜಾತಿಯ ಅಕ್ಷರದ ಮೇಲೆ ನನಗೇನೂ ಹಗೆಯಿಲ್ಲ. ಜರ್ಮನಿಯ ಪೌಲ್ ರೆನ್ನರ್ ಮಾಡಿದ ಫ್ಯೂಚುರಾ ಅನ್ನೋ ಅಚ್ಚಕ್ಷರ 1927ರಲ್ಲಿ ಬಂತು. 1969ರಲ್ಲಿ ಚಂದ್ರನ ಮೇಲೆ ಬಿಟ್ಟುಬಂದ ಫಲಕದಲ್ಲೂ ಅದೇ. ಅಲ್ಲಿ ಓದುವವರಿಲ್ಲ, ಹಾಗಾಗಿ ದೂರೂ ಇಲ್ಲ.

ಹಿಂದೊಮ್ಮೆ ಗೆಳೆಯನ ನಾಟಕದ ಬ್ಯಾನರಿಗೆ ‘ಷೋ’ ಅಂತ ಇಂಗ್ಲಿಷಿನಲ್ಲಿ ಬರೆದುಕೊಡಲು ಒಪ್ಪಿದ್ದೆ. ಏನು ಮಹಾ, ಕೈವಾರ ಇದೆ, ಸ್ಕೇಲ್ ಇದೆ. ‘ಎಚ್’ನ ಎತ್ತರ ಅಳೆದು, ಅಷ್ಟೇ ಎತ್ತರಕ್ಕೆ ‘ಓ’ ಸುತ್ತಿದೆ. ದೂರ ನಿಂತು ನೋಡಿದರೆ ‘ಓ’ ಜ್ವರ ಬಂದು ಎದ್ದವರ ಹಾಗೆ ಸೊರಗಿತ್ತು. ಮೂರು ಸಲ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಿಟ್ಟಿನಲ್ಲಿ ಮೇಲೂ ಕೆಳಗೂ ಸ್ವಲ್ಪ ಉಬ್ಬಿಸಿದೆ. ಅಳತೆ ಕೆಟ್ಟಿತು, ಕಣ್ಣಿಗೆ ಸರಿಹೋಯಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಈಗ ನೆತ್ತಿ ಮತ್ತು ತಳ ಪಕ್ಕೆಗಿಂತ ದಪ್ಪ ಕಾಣತೊಡಗಿದವು. ಸುತ್ತಲೂ ಒಂದೇ ದಪ್ಪ ಇಟ್ಟಿದ್ದೆ, ಆಣೆ ಮಾಡಿ ಹೇಳ್ತೀನಿ. ಅಡ್ಡಗೆರೆ ನಿಂತ ಗೆರೆಗಿಂತ ದಪ್ಪ ಅನ್ನಿಸುವುದು ಕಣ್ಣಿನ ಹಳೇ ಚಾಳಿ. ಅದನ್ನೂ ಕೆರೆದೆ. ಆಮೇಲೆ ಒಳಗಿನ ತೂತು ಮೊಟ್ಟೆಯಂತಾಯಿತು. ಅದನ್ನು ಸರಿಮಾಡಿದರೆ ಹೊರಗೆ ಕೆಟ್ಟಿತು. ರಾತ್ರಿ ಒಂದು ಗಂಟೆಗೆ ಗೆಳೆಯ ಬಂದು, “ಲೋ, ಇನ್ನೂ ‘ಓ’ನಲ್ಲೇ ಇದ್ದೀಯಾ?” ಅಂದ. ಅವನ ಕೈಗೆ ಕೈವಾರ ಕೊಟ್ಟು ಮಲಗಿದೆ. ಅವನು ಒಂದು ತಟ್ಟೆ ಬೋರಲು ಹಾಕಿ ಸುತ್ತ ಗೆರೆ ಎಳೆದನಂತೆ. ನಾಟಕಕ್ಕೆ ಬಂದ ಒಬ್ಬರೂ ಏನೂ ಅನ್ನಲಿಲ್ಲ. ಅದು ನನಗೆ ಇವತ್ತಿಗೂ ಉರಿಯುತ್ತದೆ.

ರೆನ್ನರ್ ಕೂಡ ಶುರುವಿನಲ್ಲಿ ಲೆಕ್ಕದ ಹಟ ಹಿಡಿದಿದ್ದರು. ಅವರ ಸಣ್ಣಕ್ಷರದ ‘ಆರ್’ ಅಂದರೆ ಒಂದು ಕಂಬ, ಪಕ್ಕದಲ್ಲೊಂದು ಚುಕ್ಕೆ, ಅಷ್ಟೇ. ಅದು ಜಾಸ್ತಿ ದಿನ ಬಾಳಲಿಲ್ಲ. ಕೊನೆಗೆ ಅವರೂ ಕಣ್ಣಿನ ಮಾತು ಕೇಳಿ ಅಲ್ಲಲ್ಲಿ ಕೆರೆದು ತಿದ್ದಿದರು. ಅವರ ‘ಓ’ ನೋಡಿದರೆ ಪಕ್ಕಾ ವೃತ್ತ, ಅಳೆದರೆ ಅಲ್ಲ.

ಇದರಿಂದ ಕಣ್ಣಿನ ಬಗ್ಗೆ ಏನೋ ದೊಡ್ಡದು ಹೇಳಬೇಕು ಅಂತ ಕೂತಿದ್ದೆ. ಅಷ್ಟರಲ್ಲಿ ಕಪಾಟಿನ ಮೇಲಿನ ಹಲಗೆ ಒಂದು ಕಡೆ ಜಾರಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ‘ಸಿ’ ಅಂತ ಓದಿಕೊಂಡು ಸ್ಕ್ರೂ ಹಾಕಿದ್ದೆನಲ್ಲ, ಅದು ‘ಜಿ’.