ಕೇಸು ನಿಲ್ಲುವುದು ಕೇಸ್ ಶೀಟಿನ ಮೇಲೆ

‘ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಬೆಂಗಳೂರಿನ ದೊಡ್ಡ ವಕೀಲರನ್ನೇ ಹಿಡಿಯಬೇಕು’ ಎಂಬ ಲೇಖನದ ಮಾತು ಒಪ್ಪಲಾಗದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮದ್ದೂರಿನವರಿಗೆ ಮಂಡ್ಯ, ನಂಜನಗೂಡಿನವರಿಗೆ ಮೈಸೂರು ಸಾಕು. ಕಟ್ಟಿದ ಪ್ರೀಮಿಯಂ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ.

ಕೇಸು ಬಿದ್ದುಹೋಗುವುದು ಬೇರೆ ಕಡೆ. ಅಡ್ಮಿಟ್ ಮಾಡಿಕೊಳ್ಳುವಾಗ ಡ್ಯೂಟಿ ಡಾಕ್ಟರು ಜೊತೆಗೆ ಬಂದವರನ್ನು ಕೇಳಿ ‘ಶುಗರ್, 5 ವರ್ಷದಿಂದ’ ಅಂತ ಕೇಸ್ ಶೀಟಿನಲ್ಲಿ (ಆಸ್ಪತ್ರೆಯ ಚಿಕಿತ್ಸಾ ದಾಖಲೆ) ಗೀಚಿರುತ್ತಾರೆ. ಕಂಪನಿ ಆ ಒಂದೇ ಸಾಲು ಹಿಡಿದು ‘ಪಾಲಿಸಿ ಮಾಡಿಸುವಾಗ ಕಾಯಿಲೆ ಮುಚ್ಚಿಟ್ಟಿದ್ದೀರಿ’ ಅನ್ನುತ್ತದೆ. ಇದಕ್ಕೆ ಡಿಸ್‌ಚಾರ್ಜ್ ಸಮ್ಮರಿ ಸಾಲದು. ಪೂರ್ತಿ ಕೇಸ್ ಶೀಟಿನ ನಕಲು, ಕಾಯಿಲೆ ಯಾವಾಗ ಪತ್ತೆಯಾಯಿತೆಂದು ಚಿಕಿತ್ಸೆ ಕೊಟ್ಟ ವೈದ್ಯರ ಪತ್ರ, ಪಾಲಿಸಿ ಮಾಡಿಸುವಾಗ ಕೊಟ್ಟ ಅರ್ಜಿ ಅಂದರೆ ಪ್ರಪೋಸಲ್ ಫಾರಂ, ಮೂರೂ ಬೇಕು. (ಆ ಫಾರಂ ತುಂಬುವವರು ಹೆಚ್ಚಾಗಿ ಏಜೆಂಟರೇ, ಪಾಲಿಸಿದಾರರದ್ದು ಬರೀ ಸಹಿ.) ಆರೋಗ್ಯ ವಿಮೆ ಸತತ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತು ಮಾಡದೆ ಈ ನೆಪ ನಡೆಯುವುದಿಲ್ಲ.

ಇನ್ನು ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿಯಾದ ಒಂಬುಡ್ಸ್‌ಮನ್ ಮುಂದೆ ವಕೀಲರಿಗೆ ಪ್ರವೇಶವೇ ಇಲ್ಲ, ನೀವೇ ಹೋಗಬೇಕು. ಮೊದಲು ಕಂಪನಿಗೆ ಲಿಖಿತ ದೂರು, ಒಂದು ತಿಂಗಳು ಉತ್ತರವಿಲ್ಲದಿದ್ದರೆ ಅಲ್ಲಿಗೆ. ಆ ದೂರನ್ನು ಕಂಪನಿ ತಿರಸ್ಕರಿಸಿದರೆ, ಆ ಪತ್ರ ಬಂದ 1 ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗಕ್ಕಾದರೆ 2 ವರ್ಷ. ಆಯೋಗದಲ್ಲಿ ಕೇಸು ಹೂಡಿದ ಮೇಲೆ ಒಂಬುಡ್ಸ್‌ಮನ್ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.