ಸಭೆ ಕಟ್ಟುವ ತುರ್ತು ಯಾರದು?

ಕರ್ತನ ಕೆಲಸಕ್ಕೆ ತಡಮಾಡುವ ಕಾಲ ಇದಲ್ಲ ಎಂದು ಕ್ರೈಸ್ತ ಸಭೆಯ ಪಾಲಕರು ಪ್ರಸಂಗಪೀಠದಿಂದ ಹೇಳಿದಾಗ ಎಲ್ಲರೂ ‘ಆಮೆನ್’ ಎನ್ನುತ್ತಾರೆ. ಸೋಮವಾರ ಬಂದರೆ ಆ ತುರ್ತನ್ನು ಹೊತ್ತು ಓಡಾಡುವವರು ಪಾಲಕರು ಮತ್ತು ಅವರ ಮನೆಯವರು ಮಾತ್ರ. ವಿಶ್ವಾಸಿಗಳು ಉಗುರುಬೆಚ್ಚಗಾಗಿದ್ದಾರೆ ಎಂದು ಆಗ ದೂರುವುದು ವಾಡಿಕೆ. ನನಗೆ ಆ ದೂರು ಅರ್ಧ ಮಾತ್ರ ಒಪ್ಪಿಗೆ. ತಮ್ಮನ್ನು ಕೇಳದೆ ತೆಗೆದುಕೊಂಡ ತೀರ್ಮಾನಕ್ಕೆ ಜನರು ಕಾಣಿಕೆಯನ್ನೇನೋ ಕೊಟ್ಟಾರು, ಹೆಗಲು ಕೊಡುವುದು ಕಷ್ಟ.

ನಾಯಕತ್ವದ ಬೋಧನೆಗಳಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ನೆಹೆಮೀಯನ (ಹಾಳುಬಿದ್ದ ಯೆರೂಸಲೇಮನ್ನು ಕಟ್ಟಿಸಲು ಬಂದ ಯೆಹೂದ್ಯ ದೇಶಾಧಿಪತಿಯ) ಹೆಸರು ಬಂದರೆ, ಆ ಪಟ್ಟಣದ ಗೋಡೆಯನ್ನು 52 ದಿನಗಳಲ್ಲಿ ಮುಗಿಸಿದ ವೇಗವನ್ನೇ ಎತ್ತಿ ಹೇಳುತ್ತಾರೆ. ಆದರೆ ಆತನು ಪಟ್ಟಣಕ್ಕೆ ಬಂದು ಮೂರು ದಿನ ಕಳೆದ ಮೇಲೆ, ಯಾರಿಗೂ ತಿಳಿಸದೆ, ಕೆಲವೇ ಜನರೊಡನೆ ರಾತ್ರಿ ಹೊರಟು ಬಿದ್ದ ಗೋಡೆಯನ್ನೂ ಸುಟ್ಟ ಬಾಗಿಲುಗಳನ್ನೂ ಕಣ್ಣಾರೆ ಪರೀಕ್ಷಿಸಿದನು. ಆಮೇಲೆಯೇ ಜನರ ಮುಂದೆ ಬಾಯಿಬಿಟ್ಟನು. ಕಟ್ಟೋಣ ಎಂಬ ಉತ್ತರ ಅವರಿಂದಲೇ ಬಂತು.

ಬರೀ ಹೆಸರುಗಳೆಂದು ನಾವು ಹಾರಿಸಿ ಓದುವ ಮೂರನೆಯ ಅಧ್ಯಾಯವೇ ನನ್ನ ದೃಷ್ಟಿಯಲ್ಲಿ ನೆಹೆಮೀಯನ ಗ್ರಂಥದ ಹೃದಯ. ಮಹಾಯಾಜಕನು ಕುರಿಬಾಗಿಲನ್ನು ಕಟ್ಟುತ್ತಾನೆ. ಅಕ್ಕಸಾಲಿಗನೂ ಸುಗಂಧದ್ರವ್ಯ ತಯಾರಿಸುವವನೂ ಕಲ್ಲು ಜೋಡಿಸುತ್ತಾರೆ. ಶಲ್ಲೂಮನ ಜೊತೆ ಅವನ ಹೆಣ್ಣುಮಕ್ಕಳು ದುಡಿಯುತ್ತಾರೆ. ಒಂದು ಪ್ರಾಂತದ ಅಧಿಪತಿಯ ಪಾಲಿಗೆ ಊರಿನ ಕಸ ಹೊರಹಾಕುವ ತಿಪ್ಪೆಬಾಗಿಲು ಬರುತ್ತದೆ. ಹಲವರಿಗೆ ದೊರೆತದ್ದು ತಮ್ಮ ಮನೆಯ ಎದುರಿನ ಭಾಗವೇ, ಅಂದರೆ ಅದು ಅರೆಬರೆಯಾದರೆ ಮೊದಲು ಅಪಾಯ ಅವರ ಮಕ್ಕಳಿಗೇ. (ನಮ್ಮ ಸಮಿತಿಗಳಲ್ಲಿ ತಿಪ್ಪೆಬಾಗಿಲಿನಂಥ ಕೆಲಸ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಐದನೆಯ ಅಧ್ಯಾಯದಲ್ಲಿ ತುರ್ತಿನ ನಿಜವಾದ ಪರೀಕ್ಷೆಯಿದೆ. ಶತ್ರುಗಳ ಬೆದರಿಕೆಯ ನಡುವೆಯೇ ಬಡವರು ಗೋಳಿಡುತ್ತಾರೆ: ಧಾನ್ಯಕ್ಕಾಗಿ ಹೊಲ ಮನೆ ಅಡವಿಟ್ಟಿದ್ದಾರೆ, ಮಕ್ಕಳು ಜೀತಕ್ಕೆ ಹೋಗಿದ್ದಾರೆ, ಸಾಲ ಕೊಟ್ಟವರು ಸ್ವಜನರೇ. ಮೊದಲು ಗೋಡೆ ಮುಗಿಯಲಿ ಎಂದು ನೆಹೆಮೀಯನು ಹೇಳಲಿಲ್ಲ. ಮಹಾಸಭೆ ಕೂಡಿಸಿ, ತಾನೂ ಸಾಲ ಕೊಟ್ಟವನೆಂದು ಎಲ್ಲರೆದುರಿಗೆ ಹೇಳಿ, ಬಡ್ಡಿಯನ್ನು ಬಿಡಿಸಿ ಹೊಲಗಳನ್ನು ಹಿಂದಕ್ಕೆ ಕೊಡಿಸಿದನು. ದೇಶಾಧಿಪತಿಗೆ ಸಲ್ಲಬೇಕಾದ ಆಹಾರದ ಭತ್ಯವನ್ನು 12 ವರ್ಷ ಮುಟ್ಟಲಿಲ್ಲ. ಪ್ರಾರ್ಥನಾಲಯದ ಕಟ್ಟಡ ನಿಧಿಗೆ ಕೊಡಲಾಗದ ಕುಟುಂಬದ ಹೆಸರನ್ನು ಬಾಕಿ ಪಟ್ಟಿಯಲ್ಲಿ ಓದಿ ಹೇಳುವ ಸಭೆಗೆ ಉತ್ಸಾಹ ಎಷ್ಟೇ ಇರಲಿ, ಅದನ್ನು ನಾನು ಒಮ್ಮನಸ್ಸು ಎನ್ನಲಾರೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲೂ, ದಿನದ ಆಹಾರ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟ ವಿಧವೆಯರ ಅಹವಾಲನ್ನು ಅಪೊಸ್ತಲರು ಇಡೀ ಶಿಷ್ಯಮಂಡಳಿಯ ಮುಂದಿಟ್ಟು, ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸುವ ಹೊಣೆಯನ್ನು ಆ ಮಂಡಳಿಗೇ ಬಿಟ್ಟರು. ದೇವರ ವಾಕ್ಯವು ಹಬ್ಬಿದ ಸಂಗತಿ ಅದರ ನಂತರ ಬರುತ್ತದೆ.

ಇಷ್ಟಾದರೂ ಕೈಕಟ್ಟಿ ನಿಲ್ಲುವವರು ಇದ್ದೇ ಇರುತ್ತಾರೆ. ತೆಕೋವ ಎಂಬ ಊರಿನ ಶ್ರೀಮಂತರು ಹೆಗಲು ಕೊಡಲಿಲ್ಲ ಎಂದು ನೆಹೆಮೀಯನ ಗ್ರಂಥ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಅದೇ ತೆಕೋವದ ಸಾಮಾನ್ಯರು ಅಧ್ಯಾಯದ ಕೊನೆಗೆ ಬರುವಷ್ಟರಲ್ಲಿ ಗೋಡೆಯ ಇನ್ನೊಂದು ಭಾಗವನ್ನೂ ಕಟ್ಟುತ್ತಿರುತ್ತಾರೆ.